ಕ್ರಾಕೆನ್ ಎಂಬ ಕಡಲ ದೈತ್ಯ ಮತ್ತು ಮೀನುಗಾರರ ಸಾಕ್ಷ್ಯ

ನಾರ್ವೆಯ ಬರ್ಗೆನ್ ಪಟ್ಟಣದ ಬಿಷಪ್ ಆಗಿದ್ದ ಎರಿಕ್ ಪೊಂಟೊಪ್ಪಿದಾನ್ ಅವರು 1752–53ರಲ್ಲಿ ಆ ನಾಡಿನ ನಿಸರ್ಗ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಕ್ರಾಕೆನ್ ಎಂಬ ಹೆಸರು ಯುರೋಪಿನ ಓದುಗರಿಗೆಲ್ಲ ಪರಿಚಯವಾದದ್ದು ಮುಖ್ಯವಾಗಿ ಆ ಗ್ರಂಥದಿಂದ, ಮತ್ತು 1755ರಲ್ಲಿ ಲಂಡನ್ನಿನಲ್ಲಿ ಹೊರಬಂದ ಅದರ ಇಂಗ್ಲಿಷ್ ಅನುವಾದದಿಂದ. ಕ್ರಾಕೆನ್ ಎಂದೊಡನೆ ಹಡಗಿನ ಪಟಸ್ತಂಭಗಳನ್ನು ಸುತ್ತಿಕೊಂಡ ದಪ್ಪ ಬಾಹುಗಳ ಚಿತ್ರವೇ ಇಂದು ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಆ ಗ್ರಂಥದ ಭಾಗವನ್ನು ನಿಧಾನವಾಗಿ ಓದಿದರೆ ಮೀನುಗಾರರು ಬಿಷಪ್ಪರಿಗೆ ಮೊದಲು ಹೇಳಿದ್ದು ಭಯದ ಕತೆಯಲ್ಲ, ಆಳದ ಲೆಕ್ಕ ಎಂಬುದು ತಿಳಿಯುತ್ತದೆ.

ಬೇಸಿಗೆಯ ಬಿಸಿಲಿನ ದಿನಗಳಲ್ಲಿ ದಡದಿಂದ ಕೆಲವು ಮೈಲಿ ದೂರ ಹೋಗಿ, ತಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟಾಗ, 80ರಿಂದ 100 ಮಾರು ಆಳ ಸಿಗಬೇಕಾದಲ್ಲಿ 20 ಅಥವಾ 30 ಮಾರಿಗೇ ಗುಂಡು ನಿಂತುಬಿಡುತ್ತದೆ ಎಂದು ಅವರು ಹೇಳಿದರು. ಅಂತಹ ಜಾಗದಲ್ಲಿ ಕಾಡ್ ಮತ್ತು ಲಿಂಗ್ ಜಾತಿಯ ಮೀನುಗಳು ಹೇರಳವಾಗಿ ಸಿಗುತ್ತವೆ. ಗಾಳ ಇಳಿಸಿದಷ್ಟೂ ಮೀನು ಬರುತ್ತದೆ. ಆದ್ದರಿಂದ ಕೆಳಗೆ ಕ್ರಾಕೆನ್ ಇದೆ ಎಂದು ಗೊತ್ತಾದರೆ ದೋಣಿಗಳು ಓಡಿಹೋಗುವುದಿಲ್ಲ, ಅಲ್ಲಿಗೇ ಬಂದು ಸೇರುತ್ತವೆ. ಒಬ್ಬನ ಕಣ್ಣು ಮಾತ್ರ ಸದಾ ಅಳತೆಯ ಹಗ್ಗದ ಮೇಲಿರುತ್ತದೆ. ಆಳ ಕಡಿಮೆಯಾಗುತ್ತ ಬಂದರೆ ಆ ಪ್ರಾಣಿ ಮೇಲೇಳುತ್ತಿದೆ ಎಂದರ್ಥ. ಆಗ ಎಲ್ಲರೂ ಹುಟ್ಟು ಹಾಕಿ ದೂರ ಸರಿಯುತ್ತಾರೆ. ಮಾಮೂಲಿನ ಆಳ ಸಿಕ್ಕ ಜಾಗದಲ್ಲಿ ನಿಂತು ನೋಡಿದರೆ ನೀರಿನ ಮೇಲೆ ಸಣ್ಣ ಸಣ್ಣ ದ್ವೀಪಗಳಂತಹ ಉಬ್ಬುಗಳು, ಅವುಗಳ ಸುತ್ತ ತೇಲುವ ಪಾಚಿಯಂತಹ ವಸ್ತು, ಕೊನೆಗೆ ಸಾಧಾರಣ ಹಡಗಿನ ಪಟಸ್ತಂಭದಷ್ಟು ಎತ್ತರ ಏಳುವ ಕೊಂಬುಗಳು ಕಾಣುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಅದು ಮುಳುಗುತ್ತದೆ, ಮುಳುಗುವಾಗ ಏಳುವ ಸುಳಿಯೇ ನಿಜವಾದ ಅಪಾಯ ಎಂದು ಅವರು ಎಚ್ಚರಿಸಿದರು.

ಇಡೀ ಕ್ರಾಕೆನ್ ಪುರಾಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಇದು ಕಸುಬಿನವರು ಆಡುವ ಮಾತು. ಮಲ್ಪೆಯ ಸಮೀಪ ಬೆಳೆದ ನಾನು ಬಂದರಿನಲ್ಲಿ ಕೇಳಿದ ಮಾತುಗಳೂ ಹೀಗೆಯೇ ಇರುತ್ತಿದ್ದವು: ಎಷ್ಟು ಮಾರು ನೀರು, ತಳ ಕಲ್ಲೋ ಕೆಸರೋ, ನೀರಿನ ಬಣ್ಣ ಹೇಗಿತ್ತು, ಹಕ್ಕಿಗಳು ಯಾವ ಕಡೆ ಇಳಿಯುತ್ತಿದ್ದವು. ಕಡಲಿನಲ್ಲಿ ದುಡಿಯುವವರು ವಿಸ್ಮಯವನ್ನು ಹೇಳುವಾಗಲೂ ಅದನ್ನು ಆಳ, ದಿಕ್ಕು, ಋತು ಮತ್ತು ಮೀನಿನ ಜೊತೆ ಸೇರಿಸಿಯೇ ಹೇಳುತ್ತಾರೆ, ಏಕೆಂದರೆ ಮರುದಿನ ಅದೇ ಜಾಗಕ್ಕೆ ಹೋಗಬೇಕಾದವರು ಅವರೇ. ಆ ದೈತ್ಯನ ಬೆನ್ನಿನ ಸುತ್ತಳತೆ ಒಂದೂವರೆ ಇಂಗ್ಲಿಷ್ ಮೈಲಿ ಎಂಬ ಅಂದಾಜು, ದೊಡ್ಡ ಯುದ್ಧನೌಕೆಯನ್ನೂ ಅದು ತಳಕ್ಕೆ ಎಳೆಯಬಲ್ಲದು ಎಂಬ ಮಾತು, ಅದು ನಕ್ಷತ್ರಮೀನಿನ ಕುಲಕ್ಕೆ ಸೇರಿರಬಹುದು ಎಂಬ ಊಹೆ, ಇವೆಲ್ಲ ಅದೇ ಭಾಗದಲ್ಲಿ ಈ ವಿವರಗಳ ಪಕ್ಕದಲ್ಲೇ ಬಂದು ಕುಳಿತಿವೆ. ಮುಂದಿನ ಬರಹಗಾರರು ಎತ್ತಿಕೊಂಡದ್ದು ಇವುಗಳನ್ನೇ, ಅಳತೆಯ ಹಗ್ಗವನ್ನಲ್ಲ. ಕ್ರಾಕೆನ್ನಿನ ದಂತಕಥೆ ಇಷ್ಟು ದೊಡ್ಡದಾಗಿ ಬೆಳೆದದ್ದು ದೋಣಿಗಳಲ್ಲಿ ಎನ್ನುವುದಕ್ಕಿಂತ ಗ್ರಂಥಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದರ ಹಿಂದಿನ ನಿಜವಾದ ಪ್ರಾಣಿಯನ್ನು ತೋರಿಸಿಕೊಟ್ಟದ್ದೂ ಹೆಚ್ಚಿನ ಪಾಲು ಮೀನುಗಾರರೇ.

ಆಳದ ಮಾತು ಬಂದಿರುವುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸೋನಾರ್ ಪ್ರಯೋಗ ನಡೆಸುತ್ತಿದ್ದವರಿಗೆ ಸಾವಿರಾರು ಮೀಟರ್ ಆಳವಿರಬೇಕಾದಲ್ಲಿ ಕೆಲವು ನೂರು ಮೀಟರ್‌ಗಳಲ್ಲೇ ತಳದಂತಹ ಪ್ರತಿಧ್ವನಿ ಸಿಕ್ಕಿತು. ಆ ‘ಸುಳ್ಳು ತಳ’ ಸಂಜೆಯಾದಂತೆ ಮೇಲೇರುತ್ತಿತ್ತು, ಬೆಳಗಾದಂತೆ ಕೆಳಗಿಳಿಯುತ್ತಿತ್ತು. ಅದು ಸಣ್ಣ ಮೀನು, ಸಿಗಡಿ, ಲೋಳೆಮೀನು, ಮೃದುದೇಹದ ಬಾಹುಗಳುಳ್ಳ ಸ್ಕ್ವಿಡ್‌ಗಳಿಂದ ತುಂಬಿದ ಜೀವಿಗಳ ಪದರ ಎಂಬುದು ಆಮೇಲೆ ಗೊತ್ತಾಯಿತು. ಜಗತ್ತಿನ ಎಲ್ಲ ಮಹಾಸಾಗರಗಳಲ್ಲೂ ಪ್ರತಿದಿನ ಈ ಏರಿಳಿತ ನಡೆಯುತ್ತದೆ. ಸೀಸದ ಗುಂಡನ್ನು ತಡೆದು ನಿಲ್ಲಿಸುವಷ್ಟು ಆ ಪದರ ಗಟ್ಟಿಯಲ್ಲ, ಹಾಗಾಗಿ ನಾರ್ವೆಯವರ ಮಾತಿಗೆ ಇದನ್ನು ವಿವರಣೆಯೆಂದು ನಾನು ಮುಂದಿಡುವುದಿಲ್ಲ. ಆದರೆ ತಳ ತಾನಾಗಿ ಮೇಲೇರಿ ಬರುತ್ತದೆ ಎಂಬ, ಕೇಳಿದರೆ ನಗು ಬರಿಸುವಂತಹ ಮಾತನ್ನು ಇಪ್ಪತ್ತನೆಯ ಶತಮಾನದ ಭೌತವಿಜ್ಞಾನಿಗಳೂ ತಮ್ಮ ಉಪಕರಣಗಳ ಮುಂದೆ ಕುಳಿತು ದಾಖಲಿಸಬೇಕಾಯಿತು.

ಕ್ರಾಕೆನ್ನಿಗಿಂತ ಹಳೆಯದು ‘ಹಾಫ್‌ಗೂಫಾ’ ಎಂಬ ಇನ್ನೊಂದು ದೈತ್ಯನ ಕತೆ. ಸುಮಾರು 1250ರಲ್ಲಿ ನಾರ್ವೆಯ ರಾಜಮನೆತನಕ್ಕಾಗಿ ತಂದೆ ಮಗನ ಸಂವಾದದ ರೂಪದಲ್ಲಿ ಬರೆದ ‘ರಾಜದರ್ಪಣ’ ಎಂಬ ಗ್ರಂಥದಲ್ಲಿ ಅದರ ವರ್ಣನೆ ಇದೆ. ಗ್ರಂಥಕರ್ತರು ಬಹಳ ಸಂಕೋಚದಿಂದ ಮಾತು ಆರಂಭಿಸುತ್ತಾರೆ: ಇದನ್ನು ಹೇಳಿದರೆ ಯಾರೂ ನಂಬಲಾರರು, ಅದು ದಡದ ಬಳಿ ಬರುವುದು ಅಪರೂಪ, ಬಹುಶಃ ಕಡಲಿನಲ್ಲಿ ಇರುವುದೇ ಎರಡು ಎನ್ನುತ್ತಾರೆ. ಆಮೇಲೆ ಅದು ಆಹಾರ ಪಡೆಯುವ ಬಗೆಯನ್ನು ವಿವರಿಸುತ್ತಾರೆ. ಅದು ತೇಗಿ ಹೊಟ್ಟೆಯೊಳಗಿನ ಆಹಾರವನ್ನು ಹೊರಹಾಕುತ್ತದೆ, ಆ ಆಹಾರಕ್ಕಾಗಿ ಸುತ್ತಲಿನ ಮೀನುಗಳೆಲ್ಲ ಮುತ್ತಿಕೊಳ್ಳುತ್ತವೆ, ಅಷ್ಟು ಹೊತ್ತೂ ಅದು ಕೊಲ್ಲಿಯಷ್ಟು ಅಗಲದ ಬಾಯಿಯನ್ನು ತೆರೆದುಕೊಂಡು ಅಲುಗಾಡದೆ ಇರುತ್ತದೆ, ಬಾಯಿ ತುಂಬಿದ ಮೇಲೆ ಮುಚ್ಚುತ್ತದೆ.

ಆಧುನಿಕ ಕಾಲದಲ್ಲಿ ಇದನ್ನು ಕಲ್ಪನೆಯೆಂದೇ ಹೆಚ್ಚಿನವರು ಭಾವಿಸಿದ್ದರು. 2011ರಿಂದೀಚೆಗೆ ಕೆನಡಾದ ವ್ಯಾಂಕೂವರ್ ದ್ವೀಪದ ಸುತ್ತಲಿನ ನೀರಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಲ್ಮೈಯಲ್ಲಿ ಬಾಯಿ ತೆರೆದು ನಿಶ್ಚಲವಾಗಿ ನಿಲ್ಲುವುದನ್ನು, ಸಣ್ಣ ಮೀನುಗಳು ಆಶ್ರಯ ಸಿಕ್ಕಿತೆಂದು ತಾವಾಗಿಯೇ ಆ ಬಾಯಿಯೊಳಕ್ಕೆ ಹೋಗುವುದನ್ನು ಸಂಶೋಧಕರು ಕಂಡರು. ಥಾಯ್ಲೆಂಡ್ ಕೊಲ್ಲಿಯಲ್ಲಿ ಬ್ರೈಡ್ ತಿಮಿಂಗಿಲಗಳೂ ಇದೇ ರೀತಿ ನೆಟ್ಟಗೆ ನಿಂತು, ಕೆಳದವಡೆಯನ್ನು ನೀರಿನ ಮಟ್ಟಕ್ಕೆ ಇಳಿಸಿ, ಮೀನುಗಳು ಬಾಯಿಗೆ ಬೀಳಲೆಂದು ಕಾಯುವುದನ್ನು ಗುರುತಿಸಲಾಯಿತು. ಅಲ್ಲಿನ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಮೇಲ್ಪದರದಲ್ಲೇ ಉಳಿಯುವುದರಿಂದ, ಬೆನ್ನಟ್ಟಿ ಶಕ್ತಿ ಕಳೆದುಕೊಳ್ಳುವುದಕ್ಕಿಂತ ಕಾದು ನಿಲ್ಲುವುದೇ ಲಾಭ ಎಂಬುದು ಇದಕ್ಕೆ ಕೊಟ್ಟ ಒಂದು ಕಾರಣ. 2023ರಲ್ಲಿ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ವರ್ತನೆಯನ್ನೂ ಹಾಫ್‌ಗೂಫಾದ ವರ್ಣನೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಇನ್ನೂ ಹಿಂದಕ್ಕೆ, ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿತೆನ್ನಲಾದ ಗ್ರೀಕ್ ಪ್ರಾಣಿಗ್ರಂಥವೊಂದರಲ್ಲಿಯೂ, ಬಾಯಿ ತೆರೆದು ಪರಿಮಳ ಸೂಸಿ ಮೀನುಗಳನ್ನು ಸೆಳೆಯುವ ಮಹಾಮತ್ಸ್ಯದ ಮಾತು ಬರುತ್ತದೆ. ವಿಜ್ಞಾನ ಈ ಬೇಟೆಯ ವಿಧಾನವನ್ನು ದಾಖಲಿಸುವುದಕ್ಕೆ ಬಹಳ ಮೊದಲೇ ಕಡಲಿನವರು ಅದನ್ನು ಕಂಡಿರಬಹುದು ಎಂಬ ಈ ವಾದ ನನಗೆ ಒಪ್ಪಿಗೆಯಾಗುತ್ತದೆ. ಬ್ರೈಡ್ ತಿಮಿಂಗಿಲ ನಮ್ಮ ಅರಬ್ಬೀ ಸಮುದ್ರದಲ್ಲಿಯೂ ವಾಸಿಸುವ ಪ್ರಾಣಿ. ನಮ್ಮ ಕರಾವಳಿಯ ದೋಣಿಗಳವರು ಕಂಡು ಹೇಳಿದ, ಯಾರೂ ಬರೆದಿಟ್ಟುಕೊಳ್ಳದ ಮಾತುಗಳಲ್ಲಿ ಇಂತಹುದು ಇದ್ದರೂ ಇರಬಹುದು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಹೀಗೆ ಮೂಲದಲ್ಲಿ ಬಹುಶಃ ತಿಮಿಂಗಿಲವಾಗಿದ್ದ ಒಂದು ದೈತ್ಯನಿಗೆ ಉದ್ದನೆಯ ಬಾಹುಗಳು ಎಲ್ಲಿಂದ ಬಂದವು? ಪೊಂಟೊಪ್ಪಿದಾನ್ ಅವರ ಪುಸ್ತಕದಲ್ಲೇ ಒಂದು ಸುಳಿವಿದೆ. 1680ರಲ್ಲಿ ಉತ್ತರ ನಾರ್ವೆಯ ಆಲ್‌ಸ್ಟಹಾಗ್ ಎಂಬಲ್ಲಿ ಎಳೆಯ ಕ್ರಾಕೆನ್ ಒಂದು ಬಂಡೆಗಳ ನಡುವಿನ ಇಕ್ಕಟ್ಟಿನ ನೀರಿಗೆ ಬಂದು, ಉದ್ದನೆಯ ಬಾಹುಗಳು ದಡದ ಮರಗಳಿಗೂ ಬಂಡೆಯ ಬಿರುಕುಗಳಿಗೂ ಸಿಕ್ಕಿಕೊಂಡು, ಅಲ್ಲಿಯೇ ಸತ್ತು ಕೊಳೆತು, ಆ ದುರ್ವಾಸನೆಗೆ ಜನ ಹತ್ತಿರ ಹೋಗಲಾರದಂತಾಯಿತು ಎಂದು ಅವರು ಬರೆದಿದ್ದಾರೆ. ದ್ವೀಪದಂತಹ ಬೆನ್ನಿನ ಪ್ರಾಣಿಗೂ ಕೊಳೆಯುತ್ತ ಬಿದ್ದ ಈ ಬಾಹುಗಳ ಪ್ರಾಣಿಗೂ ಸಂಬಂಧವೇ ಇದ್ದಿರಲಾರದು. ಬಾಹುಗಳ ಪ್ರಾಣಿ ಬೃಹತ್ ಸ್ಕ್ವಿಡ್ ಆಗಿದ್ದಿರಬೇಕು. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎಂದು ಕರೆಯುವ, ಮಲ್ಪೆ ಮಂಗಳೂರು ಬಂದರುಗಳಲ್ಲಿ ರಾಶಿ ರಾಶಿಯಾಗಿ ಇಳಿಯುವ ಜೀವಿಯ ದೂರದ, ಆಳದ ಸಂಬಂಧಿ ಅದು. ಎರಡು ಬೇರೆ ಬೇರೆ ಪ್ರಾಣಿಗಳ ಅನುಭವ ಒಂದೇ ಹೆಸರಿನ ಕೆಳಗೆ ಸೇರಿಹೋದಾಗ ಒಂದೂವರೆ ಮೈಲಿಯ ದೇಹಕ್ಕೆ ಹಿಡಿದು ಎಳೆಯುವ ಬಾಹುಗಳು ಮೂಡಿದವು.

ಈ ಬೆಳವಣಿಗೆ ತುತ್ತತುದಿಗೆ ಮುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಫ್ರಾನ್ಸಿನ ಮೃದ್ವಂಗಿ ತಜ್ಞ ಪಿಯೆರ್ ದೆನಿ ದ ಮೊಂಫೋರ್ ಅವರ ಕೈಯಲ್ಲಿ. ಅವರ ಬಳಿ ಒಳ್ಳೆಯ ಸಾಕ್ಷ್ಯವಿತ್ತು. ಡಂಕರ್ಕ್ ಬಂದರಿನಲ್ಲಿ ನೆಲೆಸಿದ್ದ ಅಮೆರಿಕದ ತಿಮಿಂಗಿಲ ಬೇಟೆಗಾರರನ್ನು ಅವರು ಕಂಡು ಮಾತನಾಡಿಸಿದ್ದರು. ಬೇಟೆಯಾದ ತಿಮಿಂಗಿಲಗಳ ಜೊತೆ ಸಿಕ್ಕ ಹೀರುಬಟ್ಟಲುಗಳುಳ್ಳ ಭಾರೀ ಬಾಹುಗಳ ಬಗ್ಗೆ ಆ ಬೇಟೆಗಾರರು ಹೇಳಿದ್ದರು. ಅಷ್ಟಕ್ಕೇ ನಿಂತಿದ್ದರೆ ಬೃಹತ್ ಸ್ಕ್ವಿಡ್ಡಿನ ಶೋಧದ ಕೀರ್ತಿಯಲ್ಲಿ ಅವರಿಗೆ ದೊಡ್ಡ ಪಾಲು ಸಲ್ಲುತ್ತಿತ್ತು. ಆದರೆ ಅವರು ಮೂರು ಪಟಸ್ತಂಭಗಳ ಹಡಗನ್ನು ತಬ್ಬಿಹಿಡಿದ ಮಹಾ ಆಕ್ಟೋಪಸ್‌ನ ಚಿತ್ರವನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು, 1782ರಲ್ಲಿ ಅಟ್ಲಾಂಟಿಕ್‌ನಲ್ಲಿ ಕಾಣೆಯಾದ ಬ್ರಿಟಿಷ್ ವಶದ ಹಡಗುಗಳನ್ನೂ ಇದೇ ಪ್ರಾಣಿಯ ಲೆಕ್ಕಕ್ಕೆ ಬರೆದರು. ಆ ಹಡಗುಗಳು ಚಂಡಮಾರುತಕ್ಕೆ ಸಿಕ್ಕಿದ್ದವು. ಮೊಂಫೋರ್ ಅವರ ಹೆಸರು ಕೆಟ್ಟಿತು, ಅವರು ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡರು, ಅದರ ಜೊತೆಗೆ ಬೇಟೆಗಾರರ ನಿಜವಾದ ಸಾಕ್ಷ್ಯವೂ ದಶಕಗಳ ಕಾಲ ನಗೆಪಾಟಲಾಯಿತು. ಈ ಎರಡನೆಯ ನಷ್ಟವೇ ನನಗೆ ಹೆಚ್ಚು ದುಃಖದ್ದಾಗಿ ಕಾಣುತ್ತದೆ.

ಕೆಡುಕನ್ನು ಸರಿಪಡಿಸಿದವರು ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಯಾಪೆಟಸ್ ಸ್ಟೀನ್‌ಸ್ಟ್ರುಪ್. ಕಡಲು ದಡಕ್ಕೆ ಎಸೆದ ವಿಚಿತ್ರ ಪ್ರಾಣಿಗಳ ಬಗ್ಗೆ ಐಸ್‌ಲ್ಯಾಂಡ್ ಮತ್ತು ಡೆನ್ಮಾರ್ಕಿನ ಹಳೆಯ ದಾಖಲೆಗಳಲ್ಲಿ ಇದ್ದ ವರದಿಗಳನ್ನು ಅವರು ಹುಡುಕಿ ಓದಿದರು. 1639ರಲ್ಲಿ ಐಸ್‌ಲ್ಯಾಂಡಿನ ತೀರದಲ್ಲಿ ಬಿದ್ದಿದ್ದ ಪ್ರಾಣಿಯ ವರ್ಣನೆಯೂ ಅವುಗಳಲ್ಲಿ ಒಂದು. ಹದಿನಾರನೆಯ ಶತಮಾನದ ‘ಸಮುದ್ರ ಸನ್ಯಾಸಿ’ ಎಂಬ ಮನುಷ್ಯಮುಖದ ಮೀನಿನ ಚಿತ್ರಕ್ಕೂ ಸ್ಕ್ವಿಡ್ಡೇ ಮೂಲ ಎಂದು ಅವರು ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. 1853ರಲ್ಲಿ ಡೆನ್ಮಾರ್ಕಿನ ಕಡಲತೀರದಲ್ಲಿ ಭಾರೀ ಸ್ಕ್ವಿಡ್ ಒಂದು ಬಂದು ಬಿದ್ದಿತು. ಜನ ಅದನ್ನು ಗಾಳದ ಎರೆಗಾಗಿ ತುಂಡರಿಸಿದರು, ಆದರೆ ಅದರ ಕೊಕ್ಕು ಮಾತ್ರ ಸ್ಟೀನ್‌ಸ್ಟ್ರುಪ್ ಅವರ ಕೈಸೇರಿತು. ಗಿಳಿಯ ಕೊಕ್ಕಿನ ಆಕಾರದ ಆ ಗಟ್ಟಿ ವಸ್ತು ಯಾವ ಕತೆಗೂ ಬಗ್ಗದ ಸಾಕ್ಷ್ಯವಾಗಿತ್ತು. 1857ರಲ್ಲಿ ಅವರು ಈ ಪ್ರಾಣಿಗೆ ಆರ್ಕಿಟ್ಯೂಥಿಸ್ ಎಂಬ ವೈಜ್ಞಾನಿಕ ಹೆಸರಿಟ್ಟರು. ಕ್ರಾಕೆನ್ ಆ ಹೆಸರಿನಿಂದ ವಿಜ್ಞಾನದ ಪಟ್ಟಿಯನ್ನು ಸೇರಿತು.

1861ರ ನವೆಂಬರ್‌ನಲ್ಲಿ ಕೆನರಿ ದ್ವೀಪಗಳ ಸಮೀಪ ‘ಅಲೆಕ್ಟಾನ್’ ಎಂಬ ಫ್ರೆಂಚ್ ನೌಕೆಯ ಸಿಬ್ಬಂದಿ ಮೇಲ್ಮೈಯಲ್ಲಿ ತೇಲುತ್ತಿದ್ದ ಬೃಹತ್ ಸ್ಕ್ವಿಡ್ಡನ್ನು ಕಂಡು, ಗುಂಡು ಹಾರಿಸಿ, ಈಟಿ ಎಸೆದು, ಹಗ್ಗದ ಕುಣಿಕೆ ಹಾಕಿ ಎಳೆಯಲು ಪ್ರಯತ್ನಿಸಿದರು. ಮೃದುವಾದ ದೇಹವನ್ನು ಹಗ್ಗ ಕತ್ತರಿಸಿದ್ದರಿಂದ ಬಾಲದ ತುಂಡೊಂದೇ ಮೇಲೆ ಬಂತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ವರದಿ ಮಂಡನೆಯಾಯಿತು, ಆದರೂ ಸಂಶಯ ಪೂರ್ತಿ ತೀರಲಿಲ್ಲ.

ಅದು ತೀರಿದ್ದು ಅಟ್ಲಾಂಟಿಕ್‌ನ ಆಚೆ ದಡದ ನ್ಯೂಫೌಂಡ್‌ಲ್ಯಾಂಡಿನ ಬಡ ಮೀನುಗಾರರಿಂದ. 1873ರ ಅಕ್ಟೋಬರ್‌ನಲ್ಲಿ ಕನ್ಸೆಪ್ಷನ್ ಕೊಲ್ಲಿಯಲ್ಲಿ, ಪೋರ್ಚುಗಲ್ ಕೋವ್ ಎಂಬ ಹಳ್ಳಿಯ ಹತ್ತಿರ, ಥಿಯೋಫಿಲಸ್ ಪಿಕೋ ಮತ್ತವರ ಜೊತೆಗಾರರು ಸಣ್ಣ ದೋಣಿಯಲ್ಲಿ ಹೋಗುತ್ತಿದ್ದಾಗ ನೀರಿನ ಮೇಲೆ ಏನೋ ರಾಶಿಯಂತೆ ಕಾಣಿಸಿತು. ಒಡೆದ ಹಡಗಿನ ಅವಶೇಷವಿರಬೇಕು ಎಂದುಕೊಂಡು ಕೊಕ್ಕೆಯಿಂದ ತಿವಿದಾಗ ಅದು ಮೈ ತಿರುಗಿಸಿ ದೋಣಿಯ ಅಂಚಿಗೆ ಕೊಕ್ಕಿನಿಂದ ಹೊಡೆಯಿತು, ಬಾಹುಗಳನ್ನು ದೋಣಿಯ ಮೇಲೆ ಬೀಸಿತು. ದೋಣಿಗೆ ನೀರು ತುಂಬತೊಡಗಿದಾಗ ಪಿಕೋ ಅವರ ಎಳೆಯ ಮಗ ಟಾಮ್ ಕೊಡಲಿ ತೆಗೆದುಕೊಂಡು ಬಾಹುಗಳನ್ನು ಕಡಿದುಹಾಕಿದ, ಪ್ರಾಣಿ ಸುತ್ತಲೂ ಮಸಿ ಕಕ್ಕುತ್ತ ಸರಿದುಹೋಯಿತು. ದೋಣಿಯಲ್ಲಿ ಉಳಿದ ತುಂಡುಗಳಲ್ಲಿ ಒಂದು, ಅದರ ಬೆಲೆ ತಿಳಿಯುವ ಮೊದಲೇ, ಊರಿನ ನಾಯಿಗಳ ಪಾಲಾಯಿತು. ಇನ್ನೊಂದನ್ನು ಸೇಂಟ್ ಜಾನ್ಸ್ ಪಟ್ಟಣದ ಪಾದ್ರಿ ಮೋಸೆಸ್ ಹಾರ್ವಿ ಕೊಂಡುಕೊಂಡು ಅಳೆದಾಗ ಆ ತುಂಡೇ 19 ಅಡಿ ಉದ್ದವಿತ್ತು.

ಕೆಲವೇ ವಾರಗಳಲ್ಲಿ ಪಕ್ಕದ ಲೋಗಿ ಕೊಲ್ಲಿಯಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರಿಗೆ ಇನ್ನೊಂದು ಸ್ಕ್ವಿಡ್ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ಬಲೆಯನ್ನೇ ಹರಿದುಹಾಕುವಂತೆ ಒದ್ದಾಡುತ್ತಿದ್ದ ಅದನ್ನು ಅವರು ಚೂರಿಯಿಂದ ಕೊಂದರು. ಹಾರ್ವಿ 10 ಡಾಲರ್ ಕೊಟ್ಟು ಅದನ್ನು ಮನೆಗೆ ತರಿಸಿದರು, ಸ್ನಾನದ ತೊಟ್ಟಿಯ ಮೇಲಿನ ಸರಳಿಗೆ ತಲೆಯನ್ನೂ ಬಾಹುಗಳನ್ನೂ ತೂಗುಹಾಕಿ ಛಾಯಾಚಿತ್ರ ತೆಗೆಸಿದರು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದರೂ ಸಾಲದು. ಸಾವಿರ ವರ್ಷಗಳ ಊಹಾಪೋಹಕ್ಕೆ ವಿಷಯವಾಗಿದ್ದ ಪ್ರಾಣಿ ಅಲ್ಲಿ ಒಂದು ಮನೆಯ ಕೋಣೆಯೊಳಗೆ ಉತ್ತರವಾಗಿ ಇಳಿಬಿದ್ದಿದೆ. ಹಾರ್ವಿ ಅದನ್ನು ಅಧ್ಯಯನಕ್ಕೆ ಒದಗಿಸಿದ್ದರಿಂದ ಯೇಲ್ ವಿಶ್ವವಿದ್ಯಾಲಯದ ಆಡಿಸನ್ ಎಮೆರಿ ವೆರಿಲ್ ಅವರು ಮುಂದಿನ ವರ್ಷಗಳಲ್ಲಿ ಇದರ ಬಗ್ಗೆ ಪ್ರಬಂಧಗಳ ಸಾಲನ್ನೇ ಪ್ರಕಟಿಸಿದರು. ಆ ದಶಕದಲ್ಲಿ ನ್ಯೂಫೌಂಡ್‌ಲ್ಯಾಂಡಿನ ತೀರಕ್ಕೆ ಬೃಹತ್ ಸ್ಕ್ವಿಡ್‌ಗಳು ಒಂದರ ಮೇಲೊಂದರಂತೆ ಬಂದು ಬಿದ್ದವು. ಅಲ್ಲಿಯವರು ಅವುಗಳನ್ನು ಎರೆಗೂ ನಾಯಿಗಳ ಆಹಾರಕ್ಕೂ ಬಳಸುತ್ತಿದ್ದರು. ವಿದ್ವಾಂಸರು ಇದೆಯೋ ಇಲ್ಲವೋ ಎಂದು ಚರ್ಚಿಸುತ್ತಿದ್ದ ಪ್ರಾಣಿ ದಡದ ಜನರಿಗೆ ಬಳಕೆಯ ವಸ್ತುವಾಗಿತ್ತು.

ವೈಜ್ಞಾನಿಕ ಹೆಸರು ಸಿಕ್ಕಿದ ಮೇಲೂ ಉತ್ಪ್ರೇಕ್ಷೆ ನಿಲ್ಲಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. 1878ರ ನವೆಂಬರ್‌ನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಥಿಂಬಲ್ ಟಿಕಲ್ ಎಂಬಲ್ಲಿ ಸಿಕ್ಕ ಸ್ಕ್ವಿಡ್ಡಿನ ಉದ್ದ 55 ಅಡಿ ಎಂದು ವರದಿಯಾಯಿತು. 1887ರಲ್ಲಿ ನ್ಯೂಜಿಲೆಂಡಿನ ಲಯಾಲ್ ಕೊಲ್ಲಿಯಲ್ಲಿ ಸಿಕ್ಕಿದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಉದ್ದ ಹೇಳಲಾಯಿತು. ಈ ಪ್ರಾಣಿಗೆ ಎಂಟು ತೋಳುಗಳಲ್ಲದೆ ಬೇಟೆ ಹಿಡಿಯಲು ಎರಡು ಬಹಳ ಉದ್ದನೆಯ ಸ್ಪರ್ಶಬಾಹುಗಳಿವೆ, ಅವು ರಬ್ಬರಿನಂತೆ ಎಳೆದಷ್ಟೂ ಹಿಗ್ಗುತ್ತವೆ. ಸತ್ತ ಪ್ರಾಣಿಯನ್ನು ದಡಕ್ಕೆ ಎಳೆದು ಅಳೆಯುವಾಗ ಅಳತೆ ಹೆಚ್ಚುವುದು ಸಹಜ. ಇಂದು ವಿಜ್ಞಾನಿಗಳು ಒಪ್ಪುವ ಅಳತೆ ಹೆಣ್ಣಿಗೆ 12–13 ಮೀಟರ್, ಗಂಡಿಗೆ ಸುಮಾರು 10 ಮೀಟರ್. ಅದರಲ್ಲಿಯೂ ಹೆಚ್ಚಿನ ಪಾಲು ಆ ಎರಡು ಬಾಹುಗಳದ್ದೇ. ಮುಂಡದ ಭಾಗ ಸಾಮಾನ್ಯವಾಗಿ ಎರಡು ಮೀಟರ್‌ಗಳ ಆಸುಪಾಸಿನಲ್ಲೇ ಮುಗಿಯುತ್ತದೆ. ಒಂದೂವರೆ ಮೈಲಿಯಿಂದ ಹದಿಮೂರು ಮೀಟರಿಗೆ ಇಳಿದ ಮೇಲೂ ನನ್ನ ವಿಸ್ಮಯ ಕಡಿಮೆಯಾಗಿಲ್ಲ, ಏಕೆಂದರೆ ಈ ಪ್ರಾಣಿಯ ನಿಜವಾದ ದೇಹರಚನೆ ಯಾವ ಕಲ್ಪನೆಗೂ ಸೋಲುವಂತಹುದಲ್ಲ.

ಅದರ ಕಣ್ಣನ್ನೇ ನೋಡೋಣ. ವ್ಯಾಸ 27 ಸೆಂಟಿಮೀಟರ್‌ವರೆಗೂ ಇರಬಹುದಾದ ಆ ಕಣ್ಣು ಇಂದಿನ ಪ್ರಾಣಿಲೋಕದಲ್ಲೇ ಅತಿ ದೊಡ್ಡ ಕಣ್ಣುಗಳ ಸಾಲಿಗೆ ಸೇರುತ್ತದೆ. ಸೂರ್ಯನ ಬೆಳಕು ಇಲ್ಲದ ಆಳದಲ್ಲಿ ಅಷ್ಟು ದೊಡ್ಡ ಕಣ್ಣು ಏಕೆ ಬೇಕು ಎಂಬ ಪ್ರಶ್ನೆಗೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೊಗಸಾದ ಉತ್ತರ ಕೊಟ್ಟಿತು. ಇದರ ಪರಮ ಶತ್ರು ಸ್ಪರ್ಮ್ ತಿಮಿಂಗಿಲ. ಅದು ಆಳಕ್ಕೆ ಧುಮುಕಿ ಬರುವಾಗ ದಾರಿಯಲ್ಲಿರುವ ಸೂಕ್ಷ್ಮ ಜೀವಿಗಳು ತಾಗಿದಲ್ಲೆಲ್ಲ ಮಿನುಗುತ್ತವೆ, ಇದರಿಂದ ಕತ್ತಲೆಯಲ್ಲಿ ತಿಮಿಂಗಿಲದ ಆಕಾರವೇ ಮಸುಕಾಗಿ ಹೊಳೆಯುತ್ತದೆ. ಅಂತಹ ದೊಡ್ಡದಾದ, ಮಂದವಾದ ಹೊಳಪನ್ನು ನೂರು ಮೀಟರಿಗೂ ಹೆಚ್ಚು ದೂರದಿಂದ ಗುರುತಿಸುವುದಕ್ಕೆ ಈ ಗಾತ್ರದ ಕಣ್ಣು ತಕ್ಕುದಾಗಿದೆ ಎಂದು ಆ ಲೆಕ್ಕಾಚಾರ ತೋರಿಸಿತು. ಆದರೂ ಸ್ಪರ್ಮ್ ತಿಮಿಂಗಿಲಗಳ ಹೊಟ್ಟೆಯಲ್ಲಿ ಇದರ ಕೊಕ್ಕುಗಳು ಸಿಗುತ್ತಲೇ ಇರುತ್ತವೆ, ಅವುಗಳ ಮುಖದ ಚರ್ಮದ ಮೇಲೆ ಸ್ಕ್ವಿಡ್‌ಗಳ ಹೀರುಬಟ್ಟಲುಗಳ ಹಲ್ಲಿನಂಚು ಕೊರೆದ ವರ್ತುಲಾಕಾರದ ಗಾಯದ ಗುರುತುಗಳಿರುತ್ತವೆ. ಬೃಹತ್ ಸ್ಕ್ವಿಡ್ಡಿನ ಮಾಂಸದಲ್ಲಿ ಸಮುದ್ರದ ನೀರಿಗಿಂತ ಹಗುರವಾದ ಅಮೋನಿಯಂ ಕ್ಲೋರೈಡ್ ದ್ರಾವಣ ತುಂಬಿರುತ್ತದೆ. ಅದರಿಂದಾಗಿಯೇ ಅದು ಶ್ರಮವಿಲ್ಲದೆ ಆಳದಲ್ಲಿ ತೇಲುತ್ತದೆ, ಸತ್ತ ಮೇಲೆ ಮುಳುಗದೆ ಮೇಲ್ಮೈಗೆ ಬರುತ್ತದೆ, ಮನುಷ್ಯರಿಗೆ ತಿನ್ನಲೂ ಆಗುವುದಿಲ್ಲ. ಸಾವಿರ ಮೀಟರಿನ ಆಳದಲ್ಲಿ ಬದುಕುವ ಪ್ರಾಣಿಯನ್ನು ಬರಿಯ ದೋಣಿಗಳಲ್ಲಿ ಹೋದವರು ಮತ್ತೆ ಮತ್ತೆ ಕಂಡದ್ದು ಹೇಗೆ ಎಂಬ ಪ್ರಶ್ನೆಗೆ ಈ ರಾಸಾಯನಿಕವೇ ಬಹುಮಟ್ಟಿಗೆ ಉತ್ತರ.

ಆದರೆ ಅವರೆಲ್ಲ ಕಂಡದ್ದು ಸತ್ತ ಅಥವಾ ಸಾಯುತ್ತಿದ್ದ ಪ್ರಾಣಿಯನ್ನು. ಆರೋಗ್ಯವಾಗಿ ಬದುಕಿರುವ ಬೃಹತ್ ಸ್ಕ್ವಿಡ್ಡನ್ನು ಅದರ ನೆಲೆಯಲ್ಲೇ ಕಾಣಲು 2004ರ ಸೆಪ್ಟೆಂಬರ್ 30ರವರೆಗೆ ಕಾಯಬೇಕಾಯಿತು. ಜಪಾನಿನ ತ್ಸುನೆಮಿ ಕುಬೊದೆರಾ ಮತ್ತು ಕ್ಯೊಇಚಿ ಮೊರಿ ಅವರು ಓಗಾಸವಾರ ದ್ವೀಪಗಳ ಬಳಿ ಸ್ಪರ್ಮ್ ತಿಮಿಂಗಿಲಗಳು ಎಲ್ಲಿ ಸೇರುತ್ತವೆ, ಎಷ್ಟು ಆಳಕ್ಕೆ ಹೋಗುತ್ತವೆ ಎಂಬುದನ್ನು ಗಮನಿಸಿ, ತಿಮಿಂಗಿಲ ಹೋಗುವಲ್ಲಿ ಅದರ ಬೇಟೆಯೂ ಇರಬೇಕು ಎಂಬ ಸರಳವಾದ ತರ್ಕದಿಂದ ಅಲ್ಲಿಗೇ ಎರೆ ಕಟ್ಟಿದ ಹಗ್ಗವನ್ನೂ ಕ್ಯಾಮೆರಾವನ್ನೂ ಇಳಿಸಿದ್ದರು. 900 ಮೀಟರ್ ಆಳದಲ್ಲಿ ಎರೆಗೆ ಎರಗಿದ ಪ್ರಾಣಿಯ ಬಾಹು ಕೊಕ್ಕೆಗೆ ಸಿಕ್ಕಿಕೊಂಡಿತು. ನಾಲ್ಕು ಗಂಟೆಗಳಿಗೂ ಹೆಚ್ಚು ಹೊತ್ತು ಅದು ಬಿಡಿಸಿಕೊಳ್ಳಲು ಹೆಣಗಿತು, ಕ್ಯಾಮೆರಾ 500ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಿತು, ಕೊನೆಗೆ ಬಾಹು ಕಡಿದುಹೋಗಿ 5.5 ಮೀಟರ್ ಉದ್ದದ ತುಂಡು ಹಡಗಿಗೆ ಬಂತು. ಬೃಹತ್ ಸ್ಕ್ವಿಡ್ ಆಳದಲ್ಲಿ ಸುಮ್ಮನೆ ತೇಲುತ್ತಿರುವ ಸೋಮಾರಿ ಜೀವಿ ಎಂಬ ಅಭಿಪ್ರಾಯವನ್ನು ಆ ಚಿತ್ರಗಳು ಅಲುಗಾಡಿಸಿದವು, ಏಕೆಂದರೆ ಅದು ಮುಂದೆ ನುಗ್ಗಿ ಬೇಟೆಯಾಡುವುದು ಅವುಗಳಲ್ಲಿ ಸ್ಪಷ್ಟವಾಗಿತ್ತು.

2012ರ ಬೇಸಿಗೆಯಲ್ಲಿ ಕುಬೊದೆರಾ ಅವರ ಜೊತೆ ಅಮೆರಿಕದ ಎಡಿತ್ ವಿಡರ್ ಮತ್ತು ನ್ಯೂಜಿಲೆಂಡಿನ ಸ್ಟೀವ್ ಓಷೆ ಸೇರಿ ಅದೇ ದ್ವೀಪಗಳ ಬಳಿ ಮತ್ತೆ ಪ್ರಯತ್ನಿಸಿದರು. ವಿಡರ್ ಅವರ ಯೋಚನೆ ನನಗೆ ಬಹಳ ಗೌರವ ಹುಟ್ಟಿಸುತ್ತದೆ. ಸಂಶೋಧನಾ ನೌಕೆಗಳ ಮೋಟಾರಿನ ಸದ್ದು, ಕಣ್ಣು ಕುಕ್ಕುವ ಬಿಳಿ ದೀಪಗಳೇ ಆಳದ ಜೀವಿಗಳನ್ನು ಓಡಿಸುತ್ತಿವೆ ಎಂದು ಅವರು ನಂಬಿದ್ದರು. ಆದ್ದರಿಂದ ಸದ್ದಿಲ್ಲದ ಕ್ಯಾಮೆರಾಕ್ಕೆ ಆಳದ ಜೀವಿಗಳ ಕಣ್ಣಿಗೆ ಕಾಣದ ಕೆಂಪು ಬೆಳಕನ್ನು ಅಳವಡಿಸಿದರು, ಅದರ ಜೊತೆಗೆ ನೀಲಿ ದೀಪಗಳ ಒಂದು ಕೃತಕ ಲೋಳೆಮೀನನ್ನು ಇಳಿಬಿಟ್ಟರು. ಆಟೊಲ್ಲಾ ಎಂಬ ಲೋಳೆಮೀನು ತನ್ನನ್ನು ಯಾವುದಾದರೂ ಪ್ರಾಣಿ ಕಚ್ಚಿದಾಗ ಚಕ್ರಾಕಾರವಾಗಿ ನೀಲಿ ಬೆಳಕನ್ನು ಸುತ್ತಿಸುತ್ತದೆ. ಕಚ್ಚಿದ ಪ್ರಾಣಿಯನ್ನು ತಿನ್ನಬಲ್ಲ ಇನ್ನೂ ದೊಡ್ಡ ಪ್ರಾಣಿಯನ್ನು ಕರೆಯುವ ಉಪಾಯ ಅದು. ಆ ಬೆಳಕಿಗೆ ಬೃಹತ್ ಸ್ಕ್ವಿಡ್ ಬಂತು, ಮತ್ತೆ ಮತ್ತೆ ಬಂತು. ಅದೇ ಯಾತ್ರೆಯಲ್ಲಿ ಕುಬೊದೆರಾ ಅವರು ಕಿರು ಜಲಾಂತರ್ಗಾಮಿಯಲ್ಲಿ ಕುಳಿತು, ಎರೆ ಹಿಡಿದು ಇಳಿಯುತ್ತಿದ್ದ ಸ್ಕ್ವಿಡ್ಡನ್ನು ಸುಮಾರು 630 ಮೀಟರಿನಿಂದ 900 ಮೀಟರಿನವರೆಗೆ ಕಣ್ಣಾರೆ ನೋಡುತ್ತ ಹಿಂಬಾಲಿಸಿದರು. ದಡಕ್ಕೆ ಬಿದ್ದ ಶವಗಳಲ್ಲಿ ಹರಿದ ಕೆಂಪು ಚರ್ಮ, ಬಿಳಿಚಿದ ಮಾಂಸ ಮಾತ್ರ ಕಾಣುತ್ತಿದ್ದ ಪ್ರಾಣಿ ಅಲ್ಲಿ ಬೆಳ್ಳಿ ಬಂಗಾರದ ಲೋಹದ ಹೊಳಪಿನಲ್ಲಿ ಈಜುತ್ತಿತ್ತು. ಯಾವ ದಂತಕಥೆಯೂ ಕ್ರಾಕೆನ್ನಿಗೆ ಆ ಬಣ್ಣವನ್ನು ಕೊಟ್ಟಿರಲಿಲ್ಲ.

2013ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ನೇತೃತ್ವದ ತಂಡವು ಜಗತ್ತಿನ ಬೇರೆ ಬೇರೆ ಕಡಲುಗಳಿಂದ ಸಂಗ್ರಹಿಸಿದ 43 ಮಾದರಿಗಳ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ ನೋಡಿತು. ಅಲ್ಲಿಯವರೆಗೆ ಹಲವು ಪ್ರಭೇದಗಳಾಗಿ ಹೆಸರಿಸಿದ್ದವೆಲ್ಲ ಒಂದೇ ಪ್ರಭೇದ ಎಂದು ಅದು ತೋರಿಸಿತು. ನಾರ್ವೆಯ, ನ್ಯೂಫೌಂಡ್‌ಲ್ಯಾಂಡಿನ, ಜಪಾನಿನ ಮೀನುಗಾರರು ಬೇರೆ ಬೇರೆ ಭಾಷೆಗಳಲ್ಲಿ ಹೇಳಿದ ಬಾಹುಗಳು ಒಂದೇ ಪ್ರಾಣಿಯವು.

ಇದಕ್ಕಿಂತಲೂ ಭಾರವಾದ ಇನ್ನೊಂದು ಸ್ಕ್ವಿಡ್ ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿದೆ. ಅದನ್ನು ಮಹಾಕಾಯ ಸ್ಕ್ವಿಡ್ ಎನ್ನಬಹುದು. 1925ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಬೇಟೆಯಾದ ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳುಗಳ ಭಾಗಗಳ ಆಧಾರದಿಂದ. 2007ರ ಫೆಬ್ರವರಿಯಲ್ಲಿ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡಿನ ಮೀನುಗಾರಿಕೆ ಹಡಗೊಂದರ ಗಾಳದ ಸಾಲನ್ನು ಎಳೆಯುವಾಗ, ಗಾಳಕ್ಕೆ ಸಿಕ್ಕಿದ್ದ ಟೂತ್‌ಫಿಶ್ ಮೀನನ್ನು ತಿನ್ನುತ್ತಲೇ 495 ಕಿಲೋಗ್ರಾಂ ತೂಕದ ಮಹಾಕಾಯ ಸ್ಕ್ವಿಡ್ ಮೇಲೆ ಬಂತು. ಈಗ ಅದು ವೆಲಿಂಗ್ಟನ್ನಿನ ತೆ ಪಾಪಾ ವಸ್ತುಸಂಗ್ರಹಾಲಯದಲ್ಲಿದೆ. ಹೆಸರಿಟ್ಟು ನೂರು ವರ್ಷವಾದ ಮೇಲೆ, 2025ರ ಮಾರ್ಚ್‌ನಲ್ಲಿ, ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 600 ಮೀಟರ್ ಆಳದಲ್ಲಿ ಈ ಪ್ರಭೇದವನ್ನು ಮೊದಲ ಬಾರಿಗೆ ಅದರ ನೆಲೆಯಲ್ಲೇ ಚಿತ್ರೀಕರಿಸಲಾಯಿತು. ಆ ಚಿತ್ರದಲ್ಲಿ ಇರುವುದು ಗಾಜಿನಂತೆ ಪಾರದರ್ಶಕವಾದ, 30 ಸೆಂಟಿಮೀಟರ್ ಉದ್ದದ ಮರಿ. ಪ್ರತಿ ತೋಳಿನ ಮಧ್ಯಭಾಗದಲ್ಲಿರುವ ಕೊಕ್ಕೆಗಳಿಂದ ತಜ್ಞರು ಅದನ್ನು ಗುರುತಿಸಿದರು. ಬೆಳೆದ ಮಹಾಕಾಯ ಸ್ಕ್ವಿಡ್ಡನ್ನು ಜೀವಂತವಾಗಿ ಕಂಡವರೆಂದರೆ ಇಂದಿಗೂ ಅಂಟಾರ್ಕ್ಟಿಕದ ಚಳಿಯಲ್ಲಿ ಗಾಳದ ಸಾಲು ಎಳೆಯುವ ಟೂತ್‌ಫಿಶ್ ಹಡಗುಗಳ ಕೆಲಸಗಾರರು.